ಕೆರೆ ಗಾಳಕ್ಕೆ ಹಗುರ ಸೆಟ್ಟೋ, ಭಾರದ ಸೆಟ್ಟೋ?

ಮೊದಲೇ ಹೇಳಿಬಿಡುತ್ತೇನೆ: ಹಳೇ ಮೈಸೂರು ಸೀಮೆಯ ಕೆರೆ, ನಾಲೆ, ಹಿನ್ನೀರುಗಳಲ್ಲಿ ಗಾಳ ಹಾಕುವವರಿಗೆ ನನ್ನ ಓಟು ಹಗುರ ಸೆಟ್ಟಿಗೆ. ಏಳಡಿ ರಾಡು, 2500 ಸೈಜಿನ ರೀಲು, 0.23 ಅಥವಾ 0.25 ಮಿ.ಮೀ. ನೈಲಾನ್ ದಾರ. ಹೊಸಬರು ಕೇಳಿದರೆ ಅಂಗಡಿಗಳಲ್ಲಿ ಕೈಗೆ ಬರುವುದು ಸಾಮಾನ್ಯವಾಗಿ ಇದಲ್ಲ. ಹತ್ತಡಿ ದಪ್ಪ ರಾಡು, 6000ದ ರೀಲು, 0.40 ದಾರ, ಜೊತೆಗೆ ‘ಹತ್ತು ಕೆ.ಜಿ. ಕಾಟ್ಲ ಬಿದ್ದರೂ ತಡೆಯುತ್ತೆ’ ಅನ್ನೋ ಭರವಸೆ. ತಡೆಯುತ್ತದೆ ನಿಜ. ಆದರೆ ಕೆರೆಯಲ್ಲಿ ಹೆಚ್ಚಿನ ದಿನ ಕಚ್ಚುವುದು ಅಂಗೈಯಗಲದ ಜಿಲೇಬಿ (ತಿಲಾಪಿಯಾ), ಅರ್ಧ ಮುಕ್ಕಾಲು ಕೆ.ಜಿ. ಗೆಂಡೆ, ಅದೃಷ್ಟವಿದ್ದರೆ ಒಂದೆರಡು ಕೆ.ಜಿ. ರೋಹು. ಅವು ಕಚ್ಚಿದ್ದು ಆ ರಾಡಿನಲ್ಲಿ ಗೊತ್ತೇ ಆಗುವುದಿಲ್ಲ. ಎರೆ ಖಾಲಿಯಾಗಿರುತ್ತದೆ, ಅಷ್ಟೇ.

ಭಾರದ ಸೆಟ್ಟಿನ ಪರ ಹೇಳುವ ಮಾತೆಲ್ಲ ಮೀನಿನ ತೂಕದ ಮೇಲೆ ನಿಂತಿದೆ. ಅಲ್ಲೇ ಲೆಕ್ಕ ತಪ್ಪುವುದು. ಈಜುಚೀಲ ಇರುವ ಮೀನಿಗೆ ನೀರೊಳಗೆ ಹೆಚ್ಚುಕಡಿಮೆ ತೂಕವೇ ಇಲ್ಲ. ದಾರ ತಡೆಯಬೇಕಾದದ್ದು ಅದರ ಎಳೆತವನ್ನು, ಅದೂ ಪೂರ್ತಿ ಅಲ್ಲ, ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಜಾರಲು ಬಿಡುವ ರೀಲಿನ ಬ್ರೇಕು, ಬಿಟ್ಟುಕೊಡುವಷ್ಟರ ಮಟ್ಟಿಗೆ. 0.25 ನೈಲಾನ್ ಸುಮಾರು 5 ಕೆ.ಜಿ. ಎಳೆತ ತಾಳುತ್ತದೆ. ಡ್ರ್ಯಾಗನ್ನು ಒಂದೂಕಾಲು ಕೆ.ಜಿ.ಗೆ ಇಟ್ಟರೆ, ತೆರೆದ ನೀರಿನಲ್ಲಿ ಐದು ಕೆ.ಜಿ. ರೋಹು ಕೂಡ ಓಡಿ ಓಡಿ ಸುಸ್ತಾಗಿ ದಡಕ್ಕೆ ಬರುತ್ತದೆ. ಬಂದಮೇಲೆ ದಾರ ಹಿಡಿದು ಎತ್ತಲು ಹೋಗಬೇಡಿ. ನೀರಿನಿಂದ ಮೇಲೆ ಬಂದ ಕ್ಷಣ ಅದಕ್ಕೆ ಪೂರ್ತಿ ತೂಕ ಬರುತ್ತದೆ, ಒಂದು ಒದೆತಕ್ಕೆ ದಾರ ಹೋಗುತ್ತದೆ. ಕಲ್ಲು ಕಟ್ಟಿದ ಏರಿಯ ಮೇಲಿಂದ ಹಾಕುವುದಾದರೆ ಇನ್ನೂ ಕಷ್ಟ, ಕಲ್ಲಿನ ಅಂಚಿಗೆ ಉಜ್ಜಿ ದಾರ ಕತ್ತರಿಸುತ್ತದೆ. ಆರಡಿ ಹಿಡಿಯ ಕೈಬಲೆ ಇಲ್ಲದೆ ಹಗುರ ಸೆಟ್ ಅರ್ಧ ಸೆಟ್.

ಹಾಗಾಗಿ ಸೆಟ್ ಆರಿಸುವಾಗ ನೋಡಬೇಕಾದ್ದು ಎರಡು: ಎಸೆಯುವ ಎರೆ ಎಷ್ಟು ಗ್ರಾಂ, ಮತ್ತು ನೀರಿನೊಳಗೆ ಏನೇನಿದೆ. ಮೀನಿನ ತೂಕ ಆಮೇಲೆ.

ಎಸೆತದ ಲೆಕ್ಕ

ರಾಡಿನ ಹಿಡಿಯ ಮೇಲೆ ‘5–20 ಗ್ರಾಂ’ ಅಂತಲೋ ‘40–100 ಗ್ರಾಂ’ ಅಂತಲೋ ಅಚ್ಚಾಗಿರುತ್ತದೆ. ಬಹಳ ಜನ ಅದನ್ನು ಓದುವುದೇ ಇಲ್ಲ, ಬೆಲೆ ಬಿಟ್ಟರೆ ಮುಖ್ಯವಾದದ್ದು ಅದೊಂದೇ. ರಾಡು ಬಾಗಿ ಚಿಮ್ಮಿದರೆ ಮಾತ್ರ ಎರೆ ದೂರ ಹೋಗುತ್ತದೆ. 8ನೇ ನಂಬರ್ ಗಾಳಕ್ಕೆ ಹುಣಸೆಬೀಜದ ಗಾತ್ರದ ಹಿಟ್ಟು, ನೀರಿನ ಮೇಲೆ ತೇಲಿ ಕಚ್ಚಿದ್ದನ್ನು ತೋರಿಸುವ 3 ಗ್ರಾಂ ಬೆಂಡು, ಬೆಂಡನ್ನು ನೆಟ್ಟಗೆ ನಿಲ್ಲಿಸುವಷ್ಟು ಸೀಸದ ಕಾಳು, ಎಲ್ಲ ಸೇರಿ ಏಳೆಂಟು ಗ್ರಾಂ. ಹಗುರ ರಾಡಿನಲ್ಲಿ ಇದು ಇಪ್ಪತ್ತು ಇಪ್ಪತ್ತೈದು ಮೀಟರ್ ಸಲೀಸಾಗಿ ಹೋಗುತ್ತದೆ. ದಪ್ಪ ರಾಡು ಇದಕ್ಕೆ ಬಾಗುವುದೇ ಇಲ್ಲ. 0.40 ದಾರಕ್ಕೆ ರೀಲಿನ ಸುರುಳಿಯ ನೆನಪು ಬೇರೆ, ಸ್ಪ್ರಿಂಗಿನಂತೆ ಹೊರಬಂದು ಉಂಗುರಗಳಿಗೆ ಬಡಿದು ಎಂಟು ಹತ್ತು ಮೀಟರಿಗೆ ಬೀಳುತ್ತದೆ.

ದೂರ ಬೇಕೆಂದು ಆಗ 50 ಗ್ರಾಂ ಸೀಸ ಸೇರಿಸುತ್ತಾರೆ. ದೂರ ಸಿಗುತ್ತದೆ, ಆದರೆ ಸೀಸ ಕೆಸರಿನಲ್ಲಿ ಹೂತು ಕೂರುತ್ತದೆ. ರೋಹು ಎರೆಯನ್ನು ಗಬಕ್ಕನೆ ನುಂಗುವ ಮೀನಲ್ಲ. ಬಾಯೊಳಗೆ ಎಳೆದು, ಒಪ್ಪಿಗೆಯಾಗದಿದ್ದರೆ ಉಗುಳುತ್ತದೆ. ದಾರದ ಆ ತುದಿಯಲ್ಲಿ 50 ಗ್ರಾಂ ತಡೆದರೆ ಉಗುಳುವುದೇ ಹೆಚ್ಚು. ಈ ತುದಿಯಲ್ಲಿ ನಿಮಗೆ ಯಾವ ಸುದ್ದಿಯೂ ಬಂದಿರುವುದಿಲ್ಲ.

ಕಚ್ಚಿದ ಮೇಲೂ ವ್ಯತ್ಯಾಸವಿದೆ. ರೋಹು, ಗೆಂಡೆಗಳ ತುಟಿ ಮೆತ್ತಗೆ. ಬಾಗದ ರಾಡಿನಲ್ಲಿ ಜೋರಾಗಿ ಜಗ್ಗಿದರೆ ತುಟಿ ಹರಿದು ಗಾಳ ಬರಿದಾಗಿ ಬರುತ್ತದೆ. ದಡದ ಹತ್ತಿರ ಬಂದು ತಲೆ ಕೊಡವಿದಾಗ ಮೀನು ತಪ್ಪಿಸಿಕೊಳ್ಳುವುದು ಇದೇ ಕಾರಣಕ್ಕೆ. ಹಗುರ ರಾಡಿನ ಮೇಲಿನ ಅರ್ಧ ಬಾಗಿ ಆ ಕೊಡವುವಿಕೆಯನ್ನು ನುಂಗಿಕೊಳ್ಳುತ್ತದೆ. ನೈಲಾನ್ ದಾರ ಸ್ವಲ್ಪ ಹಿಗ್ಗುವುದೂ ಇಲ್ಲಿ ಲಾಭವೇ. ಬೆಂಡಿನ ಗಾಳಕ್ಕೆ ಹೆಣೆದ ದಾರ ನನಗೆ ಹಿಡಿಸುವುದಿಲ್ಲ. ಹಿಗ್ಗುವುದಿಲ್ಲ, ಗಾಳಿಗೆ ಬೆಂಡಿಗೆ ಸುತ್ತಿಕೊಳ್ಳುತ್ತದೆ.

ಎರೆಯ ವಿಷಯ ಬಂದದ್ದರಿಂದ: ರಾಗಿ ಹಿಟ್ಟನ್ನು ಊಟದ ಮುದ್ದೆಗಿಂತ ಗಟ್ಟಿಯಾಗಿ, ನಡುವೆ ಹಸಿಹಿಟ್ಟು ಉಳಿಯದಂತೆ ಬೇಯಿಸಿ. ನಾಲ್ಕನೇ ಒಂದು ಪಾಲು ಮೈದಾ ಸೇರಿಸಿ ಅಂಟು ಬರುವವರೆಗೆ ನಾದಿ. ಅಂಟು ಸಾಲದಿದ್ದರೆ ಎಸೆತದಲ್ಲೇ ಗಾಳ ಬಿಟ್ಟು ಹಾರುತ್ತದೆ. ಮೀನು ಸೇರಿಸಲು ನೀರಿಗೆ ಎರಚುವ ಮೇವಿಗೆ ತೌಡು, ಕಡಲೆಕಾಯಿ ಹಿಂಡಿ ಸಾಕು. ಜಿಲೇಬಿಗೆ ಎರೆಹುಳದ ತುಂಡು, 10 ಅಥವಾ 12ನೇ ನಂಬರ್ ಗಾಳ. ನಂಬರ್ ಹೆಚ್ಚಾದಷ್ಟೂ ಗಾಳ ಚಿಕ್ಕದು ಅನ್ನುವುದು ನೆನಪಿರಲಿ. 1/0, 2/0 ಅಂತ ಸೊನ್ನೆ ಬಂದರೆ ಲೆಕ್ಕ ತಿರುಗುತ್ತದೆ, ಅಲ್ಲಿ ಹೆಚ್ಚಾದಷ್ಟೂ ದೊಡ್ಡದು.

ಹಗುರ ಸೆಟ್ಟಿನ ದೊಡ್ಡ ಕಿರಿಕಿರಿ: ಹುರಿ

ಇಷ್ಟು ಹೊಗಳಿದ ಮೇಲೆ ಇದರ ಒಂದು ಪೀಡೆಯನ್ನೂ ಹೇಳಲೇಬೇಕು. ದಾರ ಹುರಿಗೊಳ್ಳುವುದು. ಹಗುರ ಸೆಟ್ ಕೊಂಡು ಒಂದೆರಡು ತಿಂಗಳಿಗೆ ಬೇಸತ್ತು ಮಾರುವವರು ಬೈಯುವುದು ಇದನ್ನೇ. ದಾರ ಸಡಿಲವಾದ ಕೂಡಲೇ ತಂತಾನೇ ಸುತ್ತಿಕೊಂಡು ಕುಣಿಕೆಯಾಗುತ್ತದೆ. ಆ ಕುಣಿಕೆ ರೀಲಿನೊಳಗೆ ಹೂತುಕೊಂಡು ಮುಂದಿನ ಎಸೆತದಲ್ಲಿ ಹಿಂದಿನ ಹತ್ತು ಸುತ್ತನ್ನು ಎಳೆದುಕೊಂಡು ಬರುತ್ತದೆ, ಮೊದಲ ಉಂಗುರದಲ್ಲಿ ಹಕ್ಕಿಗೂಡು. ಬೆಂಡು ಅರ್ಧ ದಾರಿಯಲ್ಲಿ ನಿಂತು ವಾಪಸ್ ಬಂದು ಬೀಳುತ್ತದೆ.

ಕಾರಣ ರೀಲಿನ ರಚನೆಯಲ್ಲೇ ಇದೆ. ಇದು ಸ್ಪಿನ್ನಿಂಗ್ ರೀಲು. ಇದರಲ್ಲಿ ದಾರದ ಉರುಳೆ ತಿರುಗುವುದಿಲ್ಲ, ಅದರ ಸುತ್ತ ಕಮಾನು (ದಾರ ಹಿಡಿಯುವ ಬಾಗಿದ ತಂತಿ) ತಿರುಗಿ ದಾರ ಸುತ್ತುತ್ತದೆ. ಈಗ ಮೀನು ಓಡುತ್ತಿದೆ, ಡ್ರ್ಯಾಗ್ ಕಿರ್ರೆನ್ನುತ್ತಿದೆ, ಗಾಬರಿಯಲ್ಲಿ ನೀವು ಹಿಡಿ ತಿರುಗಿಸುತ್ತಲೇ ಇದ್ದೀರಿ. ದಾರ ಒಳಗೆ ಬರುತ್ತಿಲ್ಲ, ಕಮಾನು ಮಾತ್ರ ಸುತ್ತುತ್ತಿದೆ. ಕಮಾನಿನ ಒಂದೊಂದು ಸುತ್ತಿಗೂ ದಾರಕ್ಕೆ ಒಂದೊಂದು ಹುರಿ. ರೀಲಿನ ಗೇರು 5.2:1 ಆದರೆ ಹಿಡಿಯ ಒಂದು ಸುತ್ತಿಗೆ ಐದು ಹುರಿ, ಇಪ್ಪತ್ತು ಸುತ್ತಿಗೆ ನೂರು. ಒಂದೇ ಮೀನು ಸಾಕು ದಾರ ಕೆಡಲು. ಭಾರದ ಸೆಟ್ಟಿನಲ್ಲಿ ಇದು ಕಾಣದಿರುವುದಕ್ಕೆ ರೀಲಿನ ಗುಣ ಕಾರಣವಲ್ಲ. ಡ್ರ್ಯಾಗ್ ಬಿಗಿದಿರುವುದರಿಂದ ಅದು ಜಾರುವುದೇ ಕಡಿಮೆ.

ಮದ್ದು ಒಂದೇ: ಡ್ರ್ಯಾಗ್ ಸದ್ದು ಮಾಡುತ್ತಿರುವಾಗ ಹಿಡಿಯನ್ನು ಮುಟ್ಟಬೇಡಿ. ಮೀನು ನಿಂತಾಗ ರಾಡನ್ನು ಮೆಲ್ಲಗೆ ಮೇಲೆತ್ತಿ, ಇಳಿಸುತ್ತಾ ಆ ಸಡಿಲವನ್ನಷ್ಟೇ ಸುತ್ತಿಕೊಳ್ಳಿ. ಎತ್ತು, ಇಳಿಸು, ಸುತ್ತು. ಕೈಗೆ ಇದು ಕೂತರೆ ಮುಕ್ಕಾಲು ಪೀಡೆ ಹೋಯಿತು.

ಉಳಿದ ಕಾಲು ಭಾಗ ಬರುವುದು ಹೊಸ ದಾರ ತುಂಬಿಸುವಾಗ. ಅಂಗಡಿಯ ಉರುಳೆಯನ್ನು ಪೆನ್ಸಿಲ್ಲಿಗೆ ಸಿಕ್ಕಿಸಿ ತಿರುಗಿಸುವುದನ್ನು ನೋಡಿದ್ದೇನೆ, ಸ್ಪಿನ್ನಿಂಗ್ ರೀಲಿಗೆ ಅದು ತಪ್ಪು. ಉರುಳೆಯನ್ನು ನೆಲದ ಮೇಲೆ ಮಲಗಿಸಿ, ದಾರವನ್ನು ಮೊದಲ ಉಂಗುರದಲ್ಲಿ ತೂರಿಸಿ, ಒದ್ದೆ ಬಟ್ಟೆಯಲ್ಲಿ ಹಿಡಿದು ಹತ್ತು ಸುತ್ತು ಸುತ್ತಿ. ನಿಲ್ಲಿಸಿ ದಾರ ಸಡಿಲ ಬಿಡಿ. ಒಂದಕ್ಕೊಂದು ಹೆಣೆದುಕೊಂಡರೆ ಉರುಳೆಯನ್ನು ಮಗುಚಿ ಹಾಕಿ ಮುಂದುವರಿಸಿ. ರೀಲಿನ ಅಂಚಿಗೆ 2 ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ. ದುಡ್ಡು ಕೊಟ್ಟ ದಾರ ಉಳಿಯಿತಲ್ಲ ಎಂದು ಅಂಚಿನವರೆಗೂ ತುಂಬಿದರೆ ಮೊದಲ ಎಸೆತಕ್ಕೇ ಗೊಂಚಲು ಗೊಂಚಲಾಗಿ ಉದುರುತ್ತದೆ. ಕಡಿಮೆ ತುಂಬಿದರೆ ಅಂಚಿಗೆ ಉಜ್ಜಿ ಎಸೆತ ಕುಗ್ಗುತ್ತದೆ.

ಎಸೆದ ಮೇಲೆ ಕಮಾನನ್ನು ಕೈಯಲ್ಲೇ ಮುಚ್ಚಿ, ದಾರವನ್ನು ಒಮ್ಮೆ ಎಳೆದು ಬಿಗಿ ಮಾಡಿ. ಹಿಡಿ ತಿರುಗಿಸಿ ಮುಚ್ಚಿದರೆ ಒಂದು ಸಡಿಲ ಸುತ್ತು ಒಳಗೇ ಉಳಿದುಬಿಡುತ್ತದೆ. ಸ್ಪಿನ್ನರ್ (ನೀರಿನಲ್ಲಿ ಗಿರಗಿರ ತಿರುಗುವ ಲೋಹದ ಎರೆ) ಹಾಕುವವರಿಗೆ ಸ್ವಿವೆಲ್, ಅಂದರೆ ದಾರಕ್ಕೆ ಹುರಿ ಹತ್ತದಂತೆ ತಿರುಗುವ ಕೊಂಡಿ, ಬೇಕೇ ಬೇಕು, ಅದೂ ಬಾಲ್ ಬೇರಿಂಗ್ ಇರುವುದು. ಐದು ರೂಪಾಯಿಯ ಹಿತ್ತಾಳೆ ಸ್ವಿವೆಲ್ ಖಾಲಿ ಕೈಯಲ್ಲಿ ಚೆನ್ನಾಗಿ ತಿರುಗುತ್ತದೆ, ಎಳೆತ ಬಿದ್ದಾಗ ಕಚ್ಚಿಕೊಂಡು ನಿಲ್ಲುತ್ತದೆ. ಹಿಟ್ಟಿನುಂಡೆಯನ್ನು ಸರಸರ ಸುತ್ತಿ ವಾಪಸ್ ತರುವುದೂ ಹುರಿಗೆ ದಾರಿ, ಸೊಟ್ಟಗಿನ ಉಂಡೆ ನೀರಿನಲ್ಲಿ ಗಿರಗಿರ ತಿರುಗುತ್ತದೆ.

ಹುರಿಗೊಂಡ ದಾರವನ್ನು ಸರಿಮಾಡಲೂಬಹುದು. ಗಾಳ, ಬೆಂಡು, ಸೀಸ ಎಲ್ಲ ಬಿಚ್ಚಿ, ಹರಿಯುವ ನೀರಿಗೆ ಬರಿದಾರವನ್ನು ಐವತ್ತು ಅರವತ್ತು ಮೀಟರ್ ಬಿಡಿ. ಕೆಲವು ನಿಮಿಷ ಹಾಗೇ ಇದ್ದರೆ ಹುರಿ ತುದಿಯಿಂದ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಹಿಡಿದು ಸುತ್ತಿಕೊಳ್ಳಿ. ಮಂಡ್ಯ ಕಡೆಯವರಿಗೆ ವಿಶ್ವೇಶ್ವರಯ್ಯ ನಾಲೆ ಇದೆ, ಆದರೆ ಸೇತುವೆಯ ಮೇಲೆ ನಿಂತು ಮಾಡಿ. ನಾಲೆಯ ಇಳಿಜಾರು ದಂಡೆಯಲ್ಲಿ ಕಾಲು ಜಾರಿದರೆ ಹತ್ತುವುದು ಈಜು ಬಲ್ಲವರಿಗೂ ಕಷ್ಟ. ಹರಿಯುವ ನೀರಿಲ್ಲದಿದ್ದರೆ ಕೊಯ್ಲಾದ ಗದ್ದೆಯ ಉದ್ದಕ್ಕೂ ದಾರ ಚಾಚಿಕೊಂಡು ನಡೆದರೂ ಆಯಿತು. ಮಡಿಕೆ ಬಿದ್ದು ಬೆಳ್ಳಗಾದ ದಾರಕ್ಕೆ ಮಾತ್ರ ಮದ್ದಿಲ್ಲ, ಕತ್ತರಿಸಿ ತೆಗೆಯಿರಿ. ದಡದಲ್ಲಿ ಬಿಸಾಡಬೇಡಿ, ನೀರುಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ಡ್ರ್ಯಾಗ್ ಇಡುವ ಬಗೆ

ಲಗೇಜ್ ತೂಗುವ ತಕ್ಕಡಿ ಇದ್ದರೆ ಸರಿ, ಇಲ್ಲದಿದ್ದರೆ ಒಂದು ಲೀಟರ್ ಬಾಟಲಿಗೆ ನೀರು ತುಂಬಿ ದಾರದ ತುದಿಗೆ ಕಟ್ಟಿ. ರಾಡಿನಿಂದ ಮೆಲ್ಲಗೆ ಎತ್ತಿದರೆ ಬಾಟಲಿ ಏಳಬೇಕು, ತುಸು ಕುಲುಕಿದರೆ ದಾರ ಜಾರಬೇಕು. ಅಷ್ಟಿದ್ದರೆ ಒಂದು ಕೆ.ಜಿ.ಯ ಮೇಲೆ ಚೂರು ಹೆಚ್ಚು, 0.23 ಮತ್ತು 0.25 ದಾರಕ್ಕೆ ಹೇಳಿ ಮಾಡಿಸಿದ ಅಳತೆ. ಮೀನು ದೂರ ಓಡಿ ಉರುಳೆ ತೆಳ್ಳಗಾದಂತೆ ಅದೇ ಡ್ರ್ಯಾಗ್ ಬಿಗಿಯಾಗುತ್ತದೆ. ಸುತ್ತಿನ ವ್ಯಾಸ ಅರ್ಧಕ್ಕೆ ಇಳಿದರೆ ಎಳೆತ ಎರಡು ಪಟ್ಟು. ಹಾಗಾಗಿ ದೊಡ್ಡ ಮೀನು ಓಡುವಾಗ ಗುಂಡಿಯನ್ನು ಬಿಗಿ ಮಾಡುವುದು ದಾರ ಹರಿಯುವ ದಾರಿ, ಸ್ವಲ್ಪ ಸಡಿಲ ಮಾಡುವುದೇ ಸರಿ. ಮನೆಗೆ ಬಂದಮೇಲೆ ಡ್ರ್ಯಾಗ್ ಪೂರ್ತಿ ಸಡಿಲ ಬಿಡಿ, ಒಳಗಿನ ಬಿಲ್ಲೆಗಳು ಒತ್ತಿಕೊಂಡು ಅಂಟದಿರಲಿ.

ಗಂಟಿಗೆ ಒಂದು ಸಾಲು: ತೆಳುದಾರಕ್ಕೆ ಕ್ಲಿಂಚ್ ಗಂಟಿನಲ್ಲಿ (ದಾರದ ತುದಿಯನ್ನು ದಾರಕ್ಕೇ ಸುತ್ತಿ ಗಾಳ ಕಟ್ಟುವ ಗಂಟು) ಐದಾರು ಸುತ್ತು, 0.40ಕ್ಕೆ ನಾಲ್ಕು ಸಾಕು, ಯಾವುದಾದರೂ ಎಂಜಲು ಹಚ್ಚಿ ಬಿಗಿಯಿರಿ. ಒಣ ಗಂಟು ಬಿಗಿಯುವಾಗಲೇ ಬಿಸಿಗೆ ಅರ್ಧ ಸಾಯುತ್ತದೆ.

ಭಾರದ ಸೆಟ್ ಗೆಲ್ಲುವ ಜಾಗ

ಕೊರವ, ಅಂದರೆ ಮರ್ರೆಲ್ ಮೀನು. ಇದರಲ್ಲಿ ವಾದವೇ ಬೇಡ. ಕೊರವ ಇರುವುದು ಜೊಂಡಿನಲ್ಲಿ, ತಾವರೆ ಎಲೆಯ ಕೆಳಗೆ, ಅಂತರಗಂಗೆಯ ಅಂಚಿನಲ್ಲಿ. ರಬ್ಬರ್ ಕಪ್ಪೆಯನ್ನು ಎಲೆಗಳ ಮೇಲೆ ಜಾರಿಸಿಕೊಂಡು ಬಂದರೆ ಕೆಳಗಿನಿಂದ ಹೊಡೆಯುತ್ತದೆ. ಹೊಡೆದ ತಕ್ಷಣ ಜಗ್ಗಿದರೆ ಕಪ್ಪೆ ಬಾಯಿಂದ ಹಾರಿ ಬರುತ್ತದೆ, ಒಂದು ಎಣಿಸುವಷ್ಟು ತಡೆದು, ದಾರಕ್ಕೆ ತೂಕ ಬಂದಮೇಲೆ ಬಲವಾಗಿ ಜಗ್ಗಬೇಕು. ಕಪ್ಪೆಯ ಎರಡು ಗಾಳದ ಮೊನೆಗಳು ಅದರ ಮೈಗೆ ಒರಗಿಕೊಂಡಿರುತ್ತವೆ. ರಬ್ಬರ್ ಅದುಮಿ, ಕೊರವನ ಎಲುಬಿನ ಬಾಯಿಗೆ ಮೊನೆ ಇಳಿಯಬೇಕಾದರೆ ಬಾಗದ ರಾಡು, ಹಿಗ್ಗದ ದಾರ ಬೇಕು. ಆಮೇಲಿನ ಎರಡು ಮೂರು ಸೆಕೆಂಡಿನಲ್ಲಿ ಮೀನಿನ ತಲೆ ನೀರಿನ ಮೇಲೆ ಬರಬೇಕು, ಎಲೆಗಳ ಮೇಲೆಯೇ ಎಳೆದು ತರಬೇಕು. ಹಗುರ ಸೆಟ್ಟಿನಲ್ಲಿ ಅದು ಬುಡಕ್ಕೆ ಹೊಕ್ಕು ದಾರ ಹರಿದು, ಬಾಯಲ್ಲಿ ಗಾಳ ಇಟ್ಟುಕೊಂಡು ಹೋಗುತ್ತದೆ. ಅದು ಮೀನಿಗೂ ಅನ್ಯಾಯ.

ಆದರೆ ಇದಕ್ಕೂ ಬೇಕಾದದ್ದು ಅಂಗಡಿಯ ಆ ಹತ್ತಡಿ ಸೆಟ್ಟಲ್ಲ! ಏಳಡಿಯ ಬಿರುಸಾದ ರಾಡು, 4000ದ ರೀಲು ಅಥವಾ ಬೇಟ್‌ಕಾಸ್ಟರ್ (ಉರುಳೆಯೇ ತಿರುಗುವ ರೀಲು), ಹೆಣೆದ ದಾರ ಪಿ.ಇ. 3 ಅಥವಾ 4 (ಪಿ.ಇ. ಅಂದರೆ ಹೆಣೆದ ದಾರದ ದಪ್ಪದ ನಂಬರು). ಪಿ.ಇ. 4ರ ದಪ್ಪ 0.33 ಮಿ.ಮೀ., 0.40 ನೈಲಾನಿಗಿಂತ ತೆಳು, ಬಲದಲ್ಲಿ ಸುಮಾರು ಎರಡು ಪಟ್ಟು. ಡ್ರ್ಯಾಗ್ ಪೂರ್ತಿ ಬಿಗಿ. ಕೆಂಪು ಮರಿಗಳ ಗುಂಪು ಮೇಲೆ ಕುದಿಯುವಂತೆ ಕಂಡರೆ ಅಲ್ಲಿ ಕಪ್ಪೆ ಹಾಕಬೇಡಿ, ತಾಯಿತಂದೆ ಕೆಳಗೇ ಕಾವಲಿರುತ್ತವೆ. ಅವನ್ನು ತೆಗೆದರೆ ಮರಿಗಳು ಬೇರೆ ಮೀನಿನ ಪಾಲು.

ಆಫ್ರಿಕನ್ ಕ್ಯಾಟ್‌ಫಿಶ್ ಇನ್ನೊಂದು. ಇದನ್ನು ಸಾಕುವುದು ದೇಶದಲ್ಲಿ ನಿಷಿದ್ಧ, ಆದರೂ ಬೆಂಗಳೂರಿನ ಸುತ್ತಲಿನ ಕೆರೆಗಳಲ್ಲಿ ತುಂಬಿದೆ. ಕಚ್ಚಿದ ಮೇಲೆ ತಳ ಬಿಟ್ಟು ಸುಲಭಕ್ಕೆ ಏಳುವುದಿಲ್ಲ, ದಪ್ಪ ದಾರ ಬೇಕು. ಸಿಕ್ಕರೆ ವಾಪಸ್ ಬಿಡಬೇಡಿ.

ಹಿನ್ನೀರಿನದು ಅರ್ಧ ಅರ್ಧ. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆ ಎದ್ದುನಿಂತಿವೆ, ಮೀನು ಅದರ ಸುತ್ತ ಒಂದು ಸುತ್ತು ಹಾಕಿದರೆ ತೆಳುದಾರದ ಕಥೆ ಮುಗಿಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ಬೊಡ್ಡೆ, ಹಳೇ ಗೋಡೆ, ಬದುಗಳು ಎಲ್ಲಿವೆ ಎಂದು ನೋಡಿಟ್ಟುಕೊಂಡರೆ, ನೀರು ತುಂಬಿದ ಮೇಲೆ ಖಾಲಿ ಜಾಗಕ್ಕೆ ಹಗುರ ಸೆಟ್ಟನ್ನೇ ಹಾಕಬಹುದು.

ದಪ್ಪ ಸೆಟ್ಟಿನ ಮೇಲಿನ ಈ ಮೋಹ ನಮ್ಮಲ್ಲಿ ಬೆಳೆದದ್ದು ಕಾವೇರಿಯ ಮಹಶೀರ್‌ನಿಂದ ಎಂಬುದು ನನ್ನ ಅನುಮಾನ. ಬಂಡೆಗಳ ನಡುವಿನ ಸೆಳವು, ನಿಂಬೆಗಾತ್ರದ ರಾಗಿ ಉಂಡೆ, ದೈತ್ಯ ಮೀನು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬ ಗಾಳಗಾರ ಹಿಡಿದದ್ದು 120 ಪೌಂಡ್, ಅಂದರೆ 54 ಕೆ.ಜಿ.ಯ ಮೇಲೆ. ಅದಕ್ಕೆ ದಪ್ಪ ದಾರ ಬೇಕಿತ್ತು, ಸರಿ. ಈಗ ಆ ಗೂನುಬೆನ್ನಿನ ಮಹಶೀರ್ 2018ರಿಂದ ಐ.ಯು.ಸಿ.ಎನ್. ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನ ಅಂಚಿನ ಕಟ್ಟಕಡೆಯ ಮೆಟ್ಟಿಲಲ್ಲಿದೆ, ಕಾವೇರಿ ದಡದ ಭೀಮೇಶ್ವರಿಯ ಗಾಳದ ಶಿಬಿರಗಳ ಕಾಲವೂ ಮುಗಿಯಿತು. ಆ ಮೀನಿನ ಸಾಮಾನನ್ನು ಜಿಲೇಬಿ ಕೆರೆಗೆ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಕೈ, ಗಾಡಿ, ಜೇಬು

ಹಗುರ ರಾಡು ರೀಲು ಸೇರಿ 400 ಗ್ರಾಂ ಆಸುಪಾಸು, ಭಾರದ್ದು 800ರ ಮೇಲೆ. ನನ್ನದು ರಾಡನ್ನು ಕೈಯಲ್ಲೇ ಹಿಡಿದು, ಜಾಗ ಬದಲಿಸುತ್ತಾ ಬೆಳಗ್ಗೆ ಎರಡು ಮೂರು ಗಂಟೆ ಹಾಕುವ ಅಭ್ಯಾಸ, ಅದಕ್ಕೆ ಈ ವ್ಯತ್ಯಾಸವೇ ದೊಡ್ಡದು. ರಾಡನ್ನು ಕವೆಗೋಲಿಗೆ ಒರಗಿಸಿ, ಗಂಟೆ ಕಟ್ಟಿ, ರಾತ್ರಿಯಿಡೀ ದೊಡ್ಡ ಕಾಟ್ಲಕ್ಕೆ ಕಾಯುವವರಿಗೆ ತೂಕದ ಚಿಂತೆ ಇಲ್ಲ, ಅವರು ಭಾರದ್ದನ್ನೇ ಕೊಳ್ಳಲಿ. ಬೈಕಿಗೆ ಎರಡು ತುಂಡಿನ ಏಳಡಿ ರಾಡು ಸಲೀಸು. ಒಂದರೊಳಗೊಂದು ಮಡಿಚುವ ಟೆಲಿಸ್ಕೋಪ್ ರಾಡು ಬೇಡ, ಮರಳು ಸೇರಿದರೆ ಕೀಲು ಕಚ್ಚಿಕೊಳ್ಳುತ್ತದೆ, ಬಿಚ್ಚಲು ಹೋದರೆ ಸೀಳುತ್ತದೆ.

ಕಾರ್ಬನ್ ರಾಡು ಯಾವುದೇ ಆಗಲಿ, ಏರಿಯ ಮೇಲೆ ಪಂಪ್‌ಸೆಟ್ಟಿನ ತಂತಿ ಹಾದುಹೋಗಿದ್ದರೆ ಅಲ್ಲಿ ಎಸೆಯಬೇಡಿ. ಕಾರ್ಬನ್ ವಿದ್ಯುತ್ ಹರಿಸುತ್ತದೆ.

ನನ್ನ ಬಜೆಟ್ 4,000 ರೂಪಾಯಿ. ಅದನ್ನು ಹೀಗೆ ಹಂಚುತ್ತೇನೆ: ರೀಲಿಗೆ 1,800, ರಾಡಿಗೆ 1,300, ಕೈಬಲೆಗೆ 500, ಉಳಿದದ್ದು ದಾರ, ಗಾಳ, ಬೆಂಡಿಗೆ. ರೀಲಿಗೆ ಹೆಚ್ಚು ಏಕೆಂದರೆ ಅಗ್ಗದ ರಾಡು ಮೀನು ಹಿಡಿಯುತ್ತದೆ, ಅಗ್ಗದ ಡ್ರ್ಯಾಗ್ ಬಿಟ್ಟು ಬಿಟ್ಟು ಹಿಡಿದು ತೆಳುದಾರ ಹರಿಯುತ್ತದೆ. ಕೊಳ್ಳುವ ಮುನ್ನ ಡ್ರ್ಯಾಗನ್ನು ಅರ್ಧ ಬಿಗಿ ಮಾಡಿ ದಾರದ ತುದಿ ಎಳೆದು ನೋಡಿ. ಒಂದೇ ಸಮನೆ ಬರಬೇಕು. ಮೊದಲು ಅಂಟಿಕೊಂಡು ಆಮೇಲೆ ಜರ್ರನೆ ಜಾರಿದರೆ ಬೇರೆ ತೋರಿಸಿ ಎನ್ನಿ. ಬೇರಿಂಗ್ ಎಷ್ಟಿವೆ ಅನ್ನುವುದನ್ನು ಮರೆತುಬಿಡಿ.

ಇನ್ನು ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಕೇಳಿಯೇ ಗಾಳ ಹಾಕಿ. ಹತ್ತುಮೀನಿನ ಕಾಲದಲ್ಲಿ, ಮೊದಲ ಮಳೆಗೆ ಹೊಟ್ಟೆತುಂಬ ಮೊಟ್ಟೆ ಹೊತ್ತು ಹಳ್ಳಕ್ಕೆ ಏರುವ ಮೀನಿಗೆ, ಯಾವ ಸೆಟ್ಟೂ ಬೇಡ.

ದುಡ್ಡು ಇನ್ನೂ ಮುನ್ನೂರು ನಾನೂರು ಮಿಕ್ಕರೆ ಅದೇ ರೀಲಿಗೆ ಒಂದು ಹೆಚ್ಚುವರಿ ಉರುಳೆ ಕೊಂಡು 0.30 ದಾರ ತುಂಬಿಟ್ಟುಕೊಳ್ಳಿ. ಹಿನ್ನೀರಿಗೆ ಹೋಗುವ ದಿನ ಡ್ರ್ಯಾಗ್ ಗುಂಡಿ ಬಿಚ್ಚಿ ಉರುಳೆ ಬದಲಿಸಿದರಾಯಿತು. ಆದರೆ ಬಾಟಲಿಯ ಅಳತೆಯನ್ನು ಹೊಸದಾಗಿ ಮಾಡಬೇಕು, ಈ ದಾರಕ್ಕೆ ಒಂದೂವರೆ ಲೀಟರ್.